ಲೈಟ್ ಡ್ಯೂಟಿ ಅಂತ ಟೈಮ್ ಆಫೀಸಿನಾಗ ಕೂಡ್ಸಿದ್ರ ಪ್ರೋಗ್ರಾಂ ಪಾಸ್ ಆಯ್ತಾ?

ಈ ಸಲ ಬಂದ ಪ್ರಶ್ನೆಗಳೊಳಗ ಅರ್ಧಕ್ಕಿಂತ ಜಾಸ್ತಿ ಒಂದೇ ಧಾಟಿಯವು. ಕಲಬುರಗಿ ಕಡೆ ಸಿಮೆಂಟಿನವ್ರು, ಬೀದರ ಕೊಳಾರ ಮತ್ತ ಯಾದಗಿರಿ ಕಡೇಚೂರು ಇಂಡಸ್ಟ್ರಿಯಲ್ ಏರಿಯಾದವ್ರು, ಎಲ್ಲಾರೂ ಕೇಳೋದು ಅದೇ, ಹಂಗಾಗಿ ಅದಕ್ಕೇ ಜಾಗ ಕೊಡ್ತೀನಿ, ಉಳಿದವಕ್ಕ ಒಂದೆರಡು ಮಾತು ಸಾಕು. ಇಎಸ್‌ಐ ಅಂದ್ರ ಕಾರ್ಮಿಕರ ಸರ್ಕಾರಿ ವಿಮೆ, ಅದರ ಕಾರ್ಡ್ ಹೆಂಗ ಮಾಡಿಸ್ಬೇಕು ಅಂತ ಕೇಳಿದವ್ರು ನಿಮ್ಮ ಎಚ್‌ಆರ್‌ ಹತ್ರ ಹೋಗ್ರಿ.

ಪ್ರಶ್ನೆ: ಗಾಯಗೊಂಡ ಕಾರ್ಮಿಕರನ್ನ ವಾಪಸ್ ಕೆಲಸಕ್ಕೆ ಕರೆತರುವ ಪ್ರೋಗ್ರಾಂ ನಮ್ಮ ಫ್ಯಾಕ್ಟರಿಯಲ್ಲಿ ಎರಡು ವರ್ಷದಿಂದ ಇದೆ. ನಷ್ಟ ಆದ ಕೆಲಸದ ದಿನಗಳು ಅರ್ಧಕ್ಕೆ ಇಳಿದಿವೆ. ಪ್ರೋಗ್ರಾಂ ಯಶಸ್ವಿ ಅಂತ ಮ್ಯಾನೇಜ್‌ಮೆಂಟ್‌ಗೆ ರಿಪೋರ್ಟ್ ಬರೆಯಬಹುದಾ?

ಬರೀಬ್ಯಾಡ್ರಿ. ಮೊದಲ ಆ ದಿನ ಯಾಕ ಕಮ್ಮಿ ಆದವು ಅಂತ ನೋಡ್ರಿ. ಈ ಎರಡು ವರ್ಷದಾಗ ಕನ್ವೇಯರ್ ಬೆಲ್ಟಿಗೆ ಗಾರ್ಡ್ ಹಾಕ್ಯಾರ, ಅಪಘಾತನೇ ಕಮ್ಮಿ ಆಗ್ಯಾವ ಅಂದ್ರ ಅದರ ಹೆಸರು ಸೇಫ್ಟಿಯವ್ರಿಗೆ ಹೋಗ್ಬೇಕು. ಒಟ್ಟು ದಿನ ಬಿಡ್ರಿ, ಒಬ್ಬೊಬ್ಬ ಗಾಯಾಳುಗೆ ಎಷ್ಟು ದಿನ ಹಿಡೀತು ನೋಡ್ರಿ, ಅದರಾಗೂ ಸರಾಸರಿ ತೆಗೀಬ್ಯಾಡ್ರಿ, ಒಬ್ಬನ ಮೊಣಕಾಲ ಕೆಳಗಿನ ಎಲುಬು ಮುರಿದು ಆರು ತಿಂಗಳು ಮನ್ಯಾಗ ಕೂತ್ರ ಇಡೀ ಸರಾಸರಿ ಕೆಟ್ಟು ಹೋಗ್ತದ, ಎಲ್ಲಾರ ದಿನ ಸಾಲಿಗಿಟ್ಟು ನಟ್ಟನಡುವಿನ ಸಂಖ್ಯೆ ಹಿಡೀರಿ. ಬೆರಳು ಕೊಯ್ದವನ್ನ ಬೆರಳು ಕೊಯ್ದವನ ಜೋಡಿನೇ ಹೋಲಿಸ್ರಿ, ಕಾಲು ಮುರಿದವನ ಜೋಡಿ ಅಲ್ಲ. ವರ್ಷಕ್ಕ ಹತ್ತು ಹನ್ನೆರಡು ಕೇಸ್ ಇರೋ ಕಡೆ ಶೇಕಡಾ ಲೆಕ್ಕಕ್ಕೇನೂ ಅರ್ಥ ಇಲ್ಲ, ಹನ್ನೆರಡೂ ಫೈಲ್ ಕೂತು ಓದ್ರಿ.

ಇನ್ನ ನನಗ ಸಿಟ್ಟು ಬರೋ ವಿಷಯ. ಗೇಟಿನಾಗ ‘ಅಪಘಾತವಿಲ್ಲದ ದಿನಗಳು’ ಅಂತ ಬೋರ್ಡ್ ಇರ್ತದ, ಆ ಸಂಖ್ಯೆ ಸೊನ್ನೆಗೆ ಬರಬಾರದು ಅಂತ ಕಾಲಿಗೆ ಪ್ಲಾಸ್ಟರ್ ಹಾಕಿದವನ್ನ ಮೂರನೇ ದಿನಕ್ಕ ಊರಿಂದ ಜೀಪಿನಾಗ ಕರ್ಕೊಂಡ್ ಬಂದು ಟೈಮ್ ಆಫೀಸಿನ ಬೆಂಚಿನ ಮ್ಯಾಲ ಕೂಡಸ್ತಾರ. ರಜಿಸ್ಟರಿಗೆ ಸಹಿ ಆಯ್ತು, ಹಾಜರಿ ಬಿತ್ತು. ಮೇ ತಿಂಗಳ ನಮ್ಮ ಬಿಸಿಲು ನಿಮಗ ಗೊತ್ತೇ ಅದ, ಆ ತಗಡಿನ ಶೆಡ್ಡಿನಾಗ ಎದುರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟು ಅದರ ಮ್ಯಾಲ ಕಾಲು ಚಾಚಿ ಕೂತಿರ್ತಾನ, ಸಂಜೀಕ ಬೆರಳು ಬಾತು ಪ್ಲಾಸ್ಟರ್ ಬಿಗಿ ಆಗಿರ್ತದ, ಸಂಡಾಸಕ್ಕ ಹೋಗ್ಬೇಕಂದ್ರ ಊರುಗೋಲು ಹಿಡ್ಕೊಂಡು ಇಡೀ ಯಾರ್ಡ್ ದಾಟ್ಬೇಕು, ಅದಕ್ಕಂತನೇ ನೀರು ಕುಡಿಯೋದು ಬಿಟ್ಟವ್ರನ್ನ ನಾನು ನೋಡೀನಿ. ಇದಕ್ಕ ಲೈಟ್ ಡ್ಯೂಟಿ ಅಂತ ಹೆಸರು. ಕೆಲಸದಾಗ ಪೆಟ್ಟಾದ್ರ ಇಎಸ್‌ಐದಿಂದ ಕೂಲಿಯ ಶೇ 90ರಷ್ಟು ಭತ್ಯೆ ಸಿಗ್ತದ, ಕೆಲಸ ಮಾಡಕ್ಕಾಗದ ಅವಧಿ ಪೂರ್ತಿ. ಹಾಜರಿ ಹಾಕಿ ಪಗಾರ ತಗೊಂಡ ದಿನಕ್ಕ ಅದು ಬರಲ್ಲ, ಅಪಘಾತದ ರಿಪೋರ್ಟೇ ಕಳಿಸಿರಲ್ಲ, ಮುಂದ ಕಾಲು ಮೋಟಾಗಿ ಉಳೀತು, ಶಾಶ್ವತ ಊನಕ್ಕ ಪಿಂಚಣಿ ಬೇಕಂತ ಮೆಡಿಕಲ್ ಬೋರ್ಡಿಗೆ ಹೋದ್ರ ಇದು ಫ್ಯಾಕ್ಟರಿಯಾಗ ಆದ ಪೆಟ್ಟು ಅಂತ ತೋರಿಸ್ಲಿಕ್ಕ ಅವನ ಕೈಯಾಗ ಒಂದು ಕಾಗದ ಇರಲ್ಲ. ನಿಮ್ಮ ಆ ಅರ್ಧಕ್ಕಿಳಿದ ದಿನಗಳಾಗ ಇಂಥವು ಎಷ್ಟು ಅವ ಅಂತ ಮೊದಲ ಎಣಿಸ್ರಿ.

ಗೇಟಿಗೆ ಬಂದ ದಿನನೇ ಕೇಸ್ ಕ್ಲೋಸ್ ಮಾಡೋದು ತೊಗರಿ ಹೂ ಬಿಟ್ಟಾಗಲೇ ರಾಶಿ ಎಷ್ಟು ಚೀಲ ಅಂತ ಬರೆದಂಗ. ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಅವನ ಹೆಸರು ತೆಗೆದು ನೋಡ್ರಿ: ಇನ್ನೂ ಕೆಲಸದಾಗ ಇದ್ದಾನಾ, ಅದೇ ಪಗಾರ ಬರ್ತದಾ, ಓಟಿ ಮತ್ತ ಪ್ರೊಡಕ್ಷನ್ ಬೋನಸ್ ಹೋಗಿ ಕೈಗೆ ಬರೋದು ಎಷ್ಟು ಕಮ್ಮಿ ಆಯ್ತು, ಅದೇ ಜಾಗಕ್ಕ ಮತ್ತ ಪೆಟ್ಟಾಯ್ತಾ. ತಾನೇ ರಾಜೀನಾಮೆ ಕೊಟ್ಟು ಹೋದ ಅಂತ ಬರೆದವರ ಮನಿಗೆ ಒಂದು ಫೋನ್ ಮಾಡ್ರಿ. ಮತ್ತ ಗುತ್ತಿಗೆ ಕಾರ್ಮಿಕರು ನಿಮ್ಮ ಲೆಕ್ಕದಾಗ ಇದ್ದಾರಾ? ಪ್ಯಾಕಿಂಗ್ ಪ್ಲಾಂಟಿನಾಗ 50 ಕೆಜಿ ಚೀಲ ಹೊರೋರು ಅವರೇ, ಬೆನ್ನು ಹೋಗೋದೂ ಅವರದೇ. ಅವರನ್ನ ಬಿಟ್ಟು ಮಾಡಿದ ಮೌಲ್ಯಮಾಪನ ನನ್ನ ಮುಂದ ತರಬ್ಯಾಡ್ರಿ.

ಟೊರೊಂಟೊದ ಇನ್‌ಸ್ಟಿಟ್ಯೂಟ್ ಫಾರ್ ವರ್ಕ್ ಅಂಡ್ ಹೆಲ್ತ್‌ನವ್ರು 2007ರಾಗ ಗಾಯಾಳುನ್ನ ವಾಪಸ್ ಕೆಲಸಕ್ಕ ತರೋದಕ್ಕ ಏಳು ಸೂತ್ರ ಹಾಕಿಕೊಟ್ಟಾರ. ನಮ್ಮಲ್ಲಿ ಮುಖ್ಯವಾಗಿ ಸೋಲೋದು ಮೂರರಾಗ: ಪೆಟ್ಟಾದ ಒಂದೆರಡು ವಾರದೊಳಗ ಫ್ಯಾಕ್ಟರಿಯವ್ರು ಯಾರರ ಒಬ್ರು ಹಾಲ್‌ಚಾಲ್ ಕೇಳಬೇಕು (ತಪ್ಪು ಯಾರದು ಅಂತ ವಿಚಾರಣೆ ಅಲ್ಲ), ಎಲ್ಲಾ ನೋಡ್ಕೊಳ್ಳಕ್ಕ ಒಬ್ರ ತಲೆ ಮ್ಯಾಲ ಜವಾಬ್ದಾರಿ ಇರಬೇಕು, ಅವನ ಒಪ್ಪಿಗೆ ತಗೊಂಡು ಡಾಕ್ಟರಿಗೂ ಫ್ಯಾಕ್ಟರಿಗೂ ಮಾತಾಗಬೇಕು. ಈ ಮೂರನೇದ್ರಾಗ ನಮ್ಮ ಡಾಕ್ಟರ್ ಮಂದಿದೂ ತಪ್ಪದ, ಸರ್ಟಿಫಿಕೇಟಿನಾಗ ‘ಲೈಟ್ ವರ್ಕ್’ ಅಂತ ಎರಡು ಪದ ಗೀಚಿ ಕೈ ತೊಳ್ಕೋತಾರ. ಎಷ್ಟು ಕೆಜಿ ಎತ್ತಬಹುದು, ಎಷ್ಟು ಮೆಟ್ಟಲು ಹತ್ತಬಹುದು, ಕಿಲ್ನ್ (ಸಿಮೆಂಟ್ ಸುಡೋ ಕುಲುಮೆ) ಹತ್ರದ ಝಳದಾಗ ನಿಲ್ಲಬಹುದಾ, ನೈಟ್ ಶಿಫ್ಟ್ ಆಗ್ತದಾ, ಎಷ್ಟು ವಾರಕ್ಕ ಮತ್ತ ತೋರಿಸ್ಬೇಕು, ಇದನ್ನೆಲ್ಲ ಬರೀಬೇಕು, ಅದಕ್ಕ ಫ್ಯಾಕ್ಟರಿಯವ್ರು ಮೊದಲ ಆ ಕೆಲಸ ಏನಂತ ಒಂದು ಹಾಳಿ ಬರೆದು ಡಾಕ್ಟರಿಗೆ ಕಳಿಸ್ಬೇಕು. ಫೈಲ್‌ನಾಗ ಆ ಹಾಳಿ ಇಲ್ಲಂದ್ರ ಪ್ರೋಗ್ರಾಂ ಇಲ್ಲ ಅಂತನೇ ನಾನು ಬರಿಯೋದು. ಕಡೀಗೆ ವಾಪಸ್ ಬಂದವರನ್ನ ಕೇಳ್ರಿ, ಸೂಪರ್‌ವೈಜರ್ ಇಲ್ಲದ ಕೋಣ್ಯಾಗ. ಅವನ ಜೋಡಿ ಕೆಲಸ ಮಾಡೋರನ್ನೂ ಕೇಳ್ರಿ, ಇವನ ಭಾರ ಎಲ್ಲಾ ಅವರ ಮ್ಯಾಲ ಬಿದ್ದಿದ್ರ ತಿಂಗಳೊಳಗ ಅವರೇ ಇವನ್ನ ಓಡಸ್ತಾರ.

ಪ್ರಶ್ನೆ: ಇಎಸ್‌ಐ ಭತ್ಯೆ ತಗೊಳ್ತಿರುವಾಗ ಕಂಪನಿ ಕೆಲಸದಿಂದ ತೆಗೆಯಬಹುದಾ?

ಇಲ್ಲ. ಸಾಮಾನ್ಯವಾಗಿ ಆ ಅವಧಿಯಾಗ ಕೊಟ್ಟ ನೋಟಿಸ್ ಊರ್ಜಿತ ಆಗಲ್ಲ, ಆದ್ರ ಭತ್ಯೆ ಬಹಳ ತಿಂಗಳು ನಡೆದ್ರ ನಿಯಮದಾಗ ವಿನಾಯಿತಿ ಅದ, ಇಎಸ್‌ಐ ಆಫೀಸಿನಾಗ ಕೇಳ್ರಿ.

ಪ್ರಶ್ನೆ: ಯಜಮಾನರ ಕೈ ಮುರಿದಿದೆ, ಪ್ಲಾಸ್ಟರ್ ತೆಗೆಸಿ ನಾಟಿ ಕಟ್ಟು ಕಟ್ಟಿಸಿದರೆ ಬೇಗ ಡ್ಯೂಟಿಗೆ ಹೋಗಬಹುದು ಅಂತಾರೆ, ನಿಜಾನಾ?

ಸುಳ್ಳು. ಬಿದಿರು ದಬ್ಬಿ ಇಟ್ಟು ಬಿಗಿದು ಕಟ್ಟಿದ್ರ ರಕ್ತ ನಿಂತು ಕೈ ಕಪ್ಪಾಗ್ತದ, ಎಷ್ಟೋ ಮಂದಿ ಕೈನೇ ಕಳ್ಕೊಂಡಾರ. ಎಲುಬು ಕೂಡೋದಕ್ಕ ಅದರದೇ ಟೈಮ್ ಅದ, ಯಾವ ಎಣ್ಣೀನೂ ಅದನ್ನ ಅರ್ಧ ಮಾಡಲ್ಲ. ಬೆರಳು ತಣ್ಣಗಾದ್ರ, ಜೋಮು ಹಿಡಿದ್ರ ಅದೇ ತಾಸಿಗೆ ಆಸ್ಪತ್ರಿಗೆ ಹೋಗ್ರಿ.

ಪ್ರಶ್ನೆ: ಬೆನ್ನು ಹಿಡಿದಿದೆ, ಮೂರು ತಿಂಗಳು ಪೂರ್ತಿ ಬೆಡ್ ರೆಸ್ಟ್ ಮಾಡ್ಲಾ?

ಸಾಮಾನ್ಯ ಬೆನ್ನುನೋವಿಗೆ ಮಲಗಿದಷ್ಟೂ ಕಷ್ಟ, ಅಡ್ಡಾಡ್ರಿ. ಕಾಲಿನ ಶಕ್ತಿ ಹೋಗಿದ್ರ ಇಲ್ಲಾ ಮೂತ್ರ ನಿಂತಿದ್ರ ಮಾತ್ರ ಇವತ್ತೇ ಡಾಕ್ಟರ್ ನೋಡ್ರಿ.

ಪ್ರಶ್ನೆ: ಅಪ್ಪ ಸರ್ಕಾರಿ ಬಸ್ ಡ್ರೈವರ್, ಬಲಗೈ ಊನ ಆಗಿದೆ. ಸ್ವಯಂ ನಿವೃತ್ತಿಗೆ ಸಹಿ ಹಾಕು ಅಂತ ಜೊತೆಯವರು ಹೇಳ್ತಿದ್ದಾರೆ.

ಹಾಕಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸೆಕ್ಷನ್ 20(4) ಪ್ರಕಾರ ನೌಕರಿಯಲ್ಲಿದ್ದಾಗ ಊನ ಆದ ಸರ್ಕಾರಿ ಸಂಸ್ಥೆಯ ನೌಕರನ್ನ ತೆಗೆಯಂಗಿಲ್ಲ, ಹುದ್ದೆ ಇಳಿಸಂಗೂ ಇಲ್ಲ, ಅದೇ ವೇತನ ಶ್ರೇಣಿಯ ಬೇರೆ ಕೆಲಸ ಕೊಡಬೇಕು, ಅಂಥ ಹುದ್ದೆ ಖಾಲಿ ಇಲ್ಲಂದ್ರ ಸಿಗೋವರೆಗೂ ಇಲ್ಲಾ ನಿವೃತ್ತಿವರೆಗೂ ಹೆಚ್ಚುವರಿ ಹುದ್ದೆ ಮಾಡಿ ಇಟ್ಕೋಬೇಕು. ಖಾಸಗಿಯವ್ರಿಗೆ ಈ ಸೆಕ್ಷನ್ ಇಲ್ಲ, ಅದಕ್ಕೇ ಇದನ್ನ ಕಳ್ಕೋಬಾರದು ಅಂತ ಹೇಳೋದು. ಯುಡಿಐಡಿಗೆ (ಅಂಗವಿಕಲರ ಗುರುತಿನ ಕಾರ್ಡಿಗೆ) ಅರ್ಜಿ ಹಾಕಿ ಜಿಲ್ಲಾ ಆಸ್ಪತ್ರೆಯಾಗ ಪ್ರಮಾಣಪತ್ರ ಮಾಡಿಸ್ರಿ, ಬೇರೆ ಕೆಲಸ ಕೊಡ್ರಿ ಅಂತ ಬರವಣಿಗಿಯಾಗೇ ಅರ್ಜಿ ಕೊಡ್ರಿ, ಸೀಲ್ ಹಾಕಿದ ಪ್ರತಿ ಮನ್ಯಾಗ ಇಟ್ಕೋರಿ.