ಕಾಂತದ ಹಳಿಯಿಂದ ಬಾಹ್ಯಾಕಾಶಕ್ಕೆ ಸರಕು: ಸಾಧ್ಯವೇ?

ಪ್ರಶ್ನೆ: ಅಮೆರಿಕದ ಒಂದು ವಿಮಾನವಾಹಕ ನೌಕೆಯಲ್ಲಿ ವಿದ್ಯುತ್ಕಾಂತದ ಬಲದಿಂದಲೇ ಯುದ್ಧವಿಮಾನಗಳನ್ನು ಚಿಮ್ಮಿಸುತ್ತಾರಂತೆ. ರಾಕೆಟ್ಟಿನ ಗೊಡವೆಯಿಲ್ಲದೆ ಸರಕನ್ನೂ ಹಾಗೆಯೇ ಬಾಹ್ಯಾಕಾಶಕ್ಕೆ ಎಸೆಯಬಾರದೇಕೆ?

ಉತ್ತರ: ಆ ನೌಕೆ 2017ರಲ್ಲಿ ಸೇವೆಗೆ ಸೇರಿದ ಜೆರಾಲ್ಡ್ ಆರ್. ಫೋರ್ಡ್. ಅದರ ಸುಮಾರು 90 ಮೀಟರ್ ಹಳಿ ವಿಮಾನವನ್ನು ಗಂಟೆಗೆ 240 ಕಿ.ಮೀ. ವೇಗಕ್ಕೆ ಮುಟ್ಟಿಸಬಲ್ಲದು. ಭೂಕಕ್ಷೆಗೆ ಬೇಕಾದದ್ದು ಸೆಕೆಂಡಿಗೆ ಸುಮಾರು 8 ಕಿ.ಮೀ., ಅಂದರೆ ಗಂಟೆಗೆ 28,000 ಕಿ.ಮೀ.ಗೂ ಹೆಚ್ಚು.

ವಿದ್ಯುತ್ತಿನ ಲೆಕ್ಕ ಮಾತ್ರ ಆಸೆ ಹುಟ್ಟಿಸುತ್ತದೆ. ಒಂದು ಕಿಲೋ ಸರಕಿಗೆ ಆ ವೇಗ ತುಂಬಲು ಬೇಕಾಗುವುದು 32 ಮೆಗಾಜೂಲ್. ಮನೆಯ ಮೀಟರಿನಲ್ಲಿ ಒಂಬತ್ತು ಯೂನಿಟ್ ಅಷ್ಟೆ. ಆದರೆ ಅದನ್ನೆಲ್ಲ ಒಂದು ಸೆಕೆಂಡಿನೊಳಗೆ ಸುರಿಯಬೇಕು. ಗುರುತ್ವದ ಸಾವಿರ ಪಟ್ಟು ವೇಗೋತ್ಕರ್ಷ ಕೊಟ್ಟರೂ ಹಳಿಯ ಉದ್ದ ಮೂರು ಕಿ.ಮೀ. ಮೀರುತ್ತದೆ. ಆ ಹೊತ್ತಿನಲ್ಲಿ ಒಂದು ಕಿಲೋ ಅಕ್ಕಿ ಒಂದು ಟನ್ ತೂಗುತ್ತದೆ! ಮನುಷ್ಯರು ತಾಳುವಂತೆ ಮೂರು ಪಟ್ಟಿಗೆ ಇಳಿಸಿದರೆ ಹಳಿ ಸಾವಿರ ಕಿ.ಮೀ. ದಾಟುತ್ತದೆ.

ಇದಕ್ಕಿಂತ ದೊಡ್ಡ ಅಡ್ಡಿ ಗಾಳಿ. ರಾಕೆಟ್ ದಟ್ಟ ಗಾಳಿಯನ್ನು ನಿಧಾನವಾಗಿ ದಾಟಿ, ಮೇಲೆ ಹೋದಂತೆ ವೇಗ ಕೂಡಿಸಿಕೊಳ್ಳುತ್ತದೆ. ಹಳಿ ಬಿಟ್ಟ ಸರಕಾದರೋ ಪೂರ್ಣ ವೇಗದಲ್ಲಿ ಅತಿ ದಟ್ಟ ಗಾಳಿಗೇ ನುಗ್ಗುತ್ತದೆ. ಸಮುದ್ರಮಟ್ಟದಲ್ಲಿ ಅದರ ಮೂತಿಯ ಮೇಲೆ ವಾಯುಭಾರದ ಮುನ್ನೂರು ಪಟ್ಟಿಗೂ ಮಿಕ್ಕಿದ ಒತ್ತಡ ಬೀಳುತ್ತದೆ; ಜೊತೆಗೆ ಲೋಹ ಕರಗಿಸುವ ಕಾವು. ಇಷ್ಟನ್ನೂ ಗೆದ್ದರೂ, ನೆಲದಿಂದ ಎಸೆದ ವಸ್ತುವಿನ ದಾರಿ ಸುತ್ತಿ ಬಂದು ನೆಲಕ್ಕೇ ಮುಟ್ಟುತ್ತದೆ. ಕಕ್ಷೆಯಲ್ಲಿ ನಿಲ್ಲಲು ಮೇಲೊಂದು ಪುಟ್ಟ ರಾಕೆಟ್ ಉರಿಯಲೇಬೇಕು. ಆ ರಾಕೆಟ್ಟೂ ಸಾವಿರ ಪಟ್ಟು ಭಾರ ತಡೆದುಕೊಂಡು ಬಂದಿರಬೇಕು! ಹಾಗಾಗಿ ಭೂಮಿಯ ಮಟ್ಟಿಗೆ ನಾನು ಇದರ ಮೇಲೆ ಭರವಸೆ ಇಡುವುದಿಲ್ಲ.

ಚಂದ್ರನ ಮಾತೇ ಬೇರೆ, ಅಲ್ಲಿ ಈ ಯೋಚನೆ ನನಗೆ ಬಹಳ ಪ್ರಿಯ. ಗಾಳಿಯಿಲ್ಲ. ವಿಮೋಚನಾ ವೇಗ, ಅಂದರೆ ಚಂದ್ರನ ಸೆಳೆತದಿಂದ ಪಾರಾಗಲು ಬೇಕಾದ ವೇಗ, ಸೆಕೆಂಡಿಗೆ 2.4 ಕಿ.ಮೀ. ಮಾತ್ರ. ಕಿಲೋಗೆ ಒಂದು ಯೂನಿಟ್ ವಿದ್ಯುತ್ತೂ ಬೇಡ. ಭೂಮಿಯ ಗುರುತ್ವದ ನೂರು ಪಟ್ಟು ವೇಗೋತ್ಕರ್ಷಕ್ಕೆ ಮೂರು ಕಿ.ಮೀ. ಹಳಿ ಸಾಕು. ಪ್ರಿನ್ಸ್‌ಟನ್ನಿನ ಭೌತವಿಜ್ಞಾನಿ ಜೆರಾರ್ಡ್ ಓನೀಲ್ 1970ರ ದಶಕದಲ್ಲೇ ಇದನ್ನು ಮನಗಂಡು, ಎಂಐಟಿಯ ಹೆನ್ರಿ ಕೋಲ್ಮ್ ಮತ್ತು ವಿದ್ಯಾರ್ಥಿಗಳ ಜೊತೆ ಸಣ್ಣ ಮಾದರಿಯೊಂದನ್ನು ಕಟ್ಟಿದರು. ತಾಮ್ರದ ಸುರುಳಿಗಳ ಸಾಲಿನ ನಡುವೆ ಬಕೆಟ್ಟೊಂದು ಓಡುತ್ತದೆ. ಅದು ಹತ್ತಿರ ಬಂದಂತೆ ಒಂದೊಂದೇ ಸುರುಳಿಗೆ ವಿದ್ಯುತ್ ಹರಿದು ಅದನ್ನು ಮುಂದಕ್ಕೆ ಸೆಳೆಯುತ್ತದೆ. ಓನೀಲ್ ಕಲ್ಪನೆಯಲ್ಲಿ ಆ ಬಕೆಟ್ ತುಂಬ ಇದ್ದದ್ದು ಚಂದ್ರನ ಮಣ್ಣು. ಅದರ ತೂಕದಲ್ಲಿ ಶೇ 40ಕ್ಕೂ ಹೆಚ್ಚು ಆಮ್ಲಜನಕವಿದೆ, ನೂರು ಪಟ್ಟು ಭಾರಕ್ಕೆ ಮಣ್ಣು ಹೆದರುವುದೂ ಇಲ್ಲ. ಹಳಿಯ ಕೊನೆಗೆ ಬಕೆಟ್ಟಿಗೆ ಬ್ರೇಕ್ ಬೀಳುತ್ತದೆ. ಮಣ್ಣು ಮುಂದಕ್ಕೆ ಹಾರುತ್ತದೆ, ಖಾಲಿ ಬಕೆಟ್ ಮುಂದಿನ ಹೊರೆಗಾಗಿ ಹಿಂತಿರುಗುತ್ತದೆ.