ದೂರದ ನೆಂಟರ ಮನೆಗೆ ಬರುವ ತಾರೀಖಲ್ಲ, ಹೊರಡುವ ತಾರೀಖು ಮೊದಲು ಹೇಳಿ

ಏಳು ತಿಂಗಳ ತಿರುಗಾಟ, ದಾರಿಯಲ್ಲಿ ಒಮ್ಮೆಯೂ ಮುಖ ನೋಡದ ನೆಂಟರು, ಅವರಲ್ಲಿ ಉಳಿಯುವುದೋ ಹಾಸ್ಟೆಲೋ, ಹೊರೆಯಾಗದೆ ಇರುವುದು ಹೇಗೆ, ಉಡುಗೊರೆ ಏನು ಒಯ್ಯಲಿ ಅಂತ ಕೇಳಿದ್ದೀರಿ. ನಡುವೆ "ಒಂದೆರಡು ದಿನ ಇದ್ದು, ಆಮೇಲೆ ನೋಡಿಕೊಂಡರಾಯಿತು" ಅಂತ ಒಂದು ಸಾಲಿದೆಯಲ್ಲ, ಅದನ್ನು ಓದಿ ನನ್ನ ಹೊಟ್ಟೆಯೊಳಗೆ ಕಲಸಿದ ಹಾಗಾಯಿತು. ಹೆಚ್ಚುಕಮ್ಮಿ ಇದೇ ಮಾತನ್ನು ನಾನು 2023ರ ಜೂನ್‌ನಲ್ಲಿ ಬರೆದು ಕಳಿಸಿದ್ದೆ.

ಆಗ ನಾನು ಮನೆ ಬಿಟ್ಟು ಐದನೇ ತಿಂಗಳು. ಜಾರ್ಜಿಯಾದ ಟಿಬಿಲಿಸಿಯಿಂದ ಶುರುಮಾಡಿ ಟರ್ಕಿ, ಬಲ್ಗೇರಿಯಾ, ಸರ್ಬಿಯಾ, ಬೋಸ್ನಿಯಾ ಅಂತ ನಿಧಾನವಾಗಿ ಪಶ್ಚಿಮಕ್ಕೆ ಸರಿಯುತ್ತಿದ್ದೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳೊಳಗೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಒಳಬಂದ ದಿನವೂ ಹೊರಬಿದ್ದ ದಿನವೂ ಲೆಕ್ಕಕ್ಕೆ. ಅದಕ್ಕೇ ಹೊರಗಿನ ದೇಶಗಳಲ್ಲಿ ಕಾಲ ತಳ್ಳುತ್ತಿದ್ದೆ. (ಬಲ್ಗೇರಿಯಾ ಆಗ ಹೊರಗಿತ್ತು. 2025ರ ಜನವರಿಯಿಂದ ಅದೂ ಪೂರ್ತಿ ಒಳಗೆ. ನಿಮ್ಮ ದಾರಿ ಆ ಕಡೆಗಿದ್ದರೆ ಹಳೆಯ ಲೆಕ್ಕ ನಂಬಬೇಡಿ.) ಕ್ರೊಯೇಷಿಯಾವನ್ನೂ ಹೊರಗಿನದೇ ಅಂದುಕೊಂಡಿದ್ದೆ. ಅದು ಆ ವರ್ಷ ಜನವರಿ 1ಕ್ಕೇ ಷೆಂಗೆನ್ ಸೇರಿಯಾಗಿತ್ತು. ಹತ್ತು ದಿನ ಸುಮ್ಮನೆ ಕರಗಿಹೋದವು. ಅವತ್ತಿಂದ ವೀಸಾದ ಒಂದೊಂದು ದಿನವನ್ನೂ ಬೆರಳು ಮಡಚಿ ಎಣಿಸತೊಡಗಿದೆ. ಇನ್ನೊಬ್ಬರ ಮನೆಯಲ್ಲಿ ಕಳೆದ ದಿನಗಳನ್ನು ಮಾತ್ರ ಎಣಿಸಲಿಲ್ಲ.

ಐದನೇ ತಿಂಗಳು ಅಂದರೆ ಏನು ಅಂತ ನಿಮಗೆ ಇನ್ನೂ ಗೊತ್ತಿಲ್ಲ, ಹೊರಟ ಮೇಲೆ ಗೊತ್ತಾಗುತ್ತದೆ. ಹೊಸ ಊರು ಕಂಡರೆ ಖುಷಿಯಾಗುವ ಬದಲು ಆಕಳಿಕೆ ಬರುತ್ತದೆ. ಹಾಸ್ಟೆಲಿನ ಎಂಟು ಜನರ ಕೋಣೆಯ ಮೇಲಿನ ಮಂಚದಲ್ಲಿ ಮಲಗಿ, ಯಾರೋ ಬೆಳಗಿನ ಜಾವ ನಾಲ್ಕಕ್ಕೆ ಪ್ಲಾಸ್ಟಿಕ್ ಚೀಲ ಸರಬರ ಮಾಡುವುದನ್ನು ಕೇಳುತ್ತಾ, ಬಾಗಿಲಿರುವ ಒಂದು ಕೋಣೆ ಸಿಕ್ಕರೆ ಸಾಕಪ್ಪ ಅನ್ನಿಸುತ್ತದೆ. ಸರಿಯಾಗಿ ಆ ಹೊತ್ತಿಗೆ ಅಮ್ಮನ ಫೋನು: "ಟ್ರಿಯೆಸ್ಟೆಯಲ್ಲಿ ನಿನ್ನ ಚಿಕ್ಕಮ್ಮ ಇದ್ದಾಳಲ್ಲೋ, ಹೋಗಿ ನೋಡಿಕೊಂಡು ಬಾ."

ಚಿಕ್ಕಮ್ಮ ಅಂದರೆ ಅಜ್ಜಿಯ ತಂಗಿಯ ಮಗಳು. ನಾನು ಹುಟ್ಟುವ ಮೊದಲೇ ದೇಶ ಬಿಟ್ಟವರು. ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಸ್ಥಾಪಿಸಿದ ಸೈದ್ಧಾಂತಿಕ ಭೌತಶಾಸ್ತ್ರದ ಕೇಂದ್ರ ಇರುವ ಇಟಲಿಯ ಊರು ಟ್ರಿಯೆಸ್ಟೆ. ಭೌತಶಾಸ್ತ್ರ ಓದಲು ಹೋದವರು ಅಲ್ಲೇ ಕೆಲಸ ಹಿಡಿದು ನಿಂತುಬಿಟ್ಟಿದ್ದರು. ಜೊತೆಗೆ ಒಬ್ಬಳೇ ಮಗಳು. ನಾನು ಬರೆದೆ: "ಚಿಕ್ಕಮ್ಮ, 11ರ ಆಸುಪಾಸಿಗೆ ಬರ್ತೀನಿ, ಒಂದೆರಡು ದಿನ ಇರ್ತೀನಿ." ಐದು ನಿಮಿಷಕ್ಕೆ ಉತ್ತರ ಬಂತು: "ಖಂಡಿತ ಬಾ ಮರಿ."

12ರ ರಾತ್ರಿ ಸ್ಲೊವೇನಿಯಾದ ಲುಬ್ಲಿಯಾನಾದಿಂದ ಬಂದ ಬಸ್ಸು ಇಳಿದಾಗ ನಿಲ್ದಾಣದಲ್ಲಿ ಚಿಕ್ಕಮ್ಮ ನಿಂತಿದ್ದರು. 11ರ ಸಂಜೆಯೂ ಬಂದು ನಿಂತಿದ್ದರು ಅನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ. ನನ್ನ "ಆಸುಪಾಸು" ಅವರ ಒಂದು ಸಂಜೆಯನ್ನು ಹಾಳುಮಾಡಿತು. ಮನೆಗೆ ಹೋದೆವು. ಮಗಳ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಬಾಗಿಲಿತ್ತು, ಕಿಟಕಿಯಲ್ಲಿ ಸಮುದ್ರದ ಒಂದು ಚೂರಿತ್ತು. ಹತ್ತು ಗಂಟೆ ನಿದ್ದೆ ಹೊಡೆದೆ.

ಎರಡನೇ ದಿನ ಬೆಳಿಗ್ಗೆ ಚಿಕ್ಕಮ್ಮ ಪಾಸ್‌ಪೋರ್ಟಿನ ಜೆರಾಕ್ಸ್ ಕೇಳಿದರು. ಇಟಲಿಯಲ್ಲಿ ಹೊರದೇಶದವರನ್ನು ಮನೆಯಲ್ಲಿ ಇಟ್ಟುಕೊಂಡರೆ, ಆತಿಥ್ಯ ಕೊಡುವವರು 48 ಗಂಟೆಯೊಳಗೆ ಪೊಲೀಸರಿಗೆ ಬರೆದುಕೊಡಬೇಕು. ಕಾನೂನಿನಲ್ಲೇ "ಸಂಬಂಧಿಕರಾದರೂ ಸರಿ" ಅಂತ ಬಿಡಿಸಿ ಬರೆದಿದ್ದಾರೆ. ನೋಡಿ, ಸರ್ಕಾರಕ್ಕೂ ನಮ್ಮಂಥವರ ಪರಿಚಯವಿದೆ. ಸರ್ಬಿಯಾದಲ್ಲಿ ಇನ್ನೂ ಬಿಗಿ, 24 ಗಂಟೆ. ಹಾಸ್ಟೆಲ್ ಇದನ್ನೆಲ್ಲ ನಮಗೆ ತಿಳಿಯದ ಹಾಗೆ ಮಾಡಿಬಿಡುತ್ತದೆ. ಮನೆಯವರು ರಜೆ ಹಾಕಿ ಮಾಡಬೇಕು. ಚಿಕ್ಕಮ್ಮ ಅರ್ಧ ದಿನ ರಜೆ ಹಾಕಿ ಒಬ್ಬರೇ ಹೋದರು. ನಾನು ಬಟ್ಟೆ ಒಗೆಯಲು ಹಾಕಿ ಮತ್ತೆ ಮಲಗಿದೆ.

ಹೊರಡುವ ಮುನ್ನ ಬಾಗಿಲಲ್ಲಿ ನಿಂತು ಕೇಳಿದ್ದರು: "ಎಷ್ಟು ದಿನ ಇರ್ತೀಯಾ?"

"ನೋಡೋಣ ಚಿಕ್ಕಮ್ಮ" ಅಂದೆ.

ತಪ್ಪು ಇದೇ. ಮೊದಲೇ ಬರೆದು ಕಳಿಸಿದ್ದ "ಒಂದೆರಡು" ಅನ್ನುವ ಒಂದು ಪದದ ತಪ್ಪು, ಆದರೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ, ಎರಡು ವರ್ಷ ಇದನ್ನೇ ಮೆಲುಕು ಹಾಕಿದ್ದೇನೆ. "ಒಂದೆರಡು" ಅನ್ನುವಾಗ ನಾವು ಒಂದನ್ನೂ ಹೇಳುತ್ತಿರುವುದಿಲ್ಲ, ಎರಡನ್ನೂ ಹೇಳುತ್ತಿರುವುದಿಲ್ಲ. ಅದು ಸಂಖ್ಯೆಯೇ ಅಲ್ಲ, ಒಂದು ಬಗೆಯ ಸಂಕೋಚ. ಜಾಸ್ತಿ ಕೇಳಿದೆ ಅನ್ನಿಸಿಕೊಳ್ಳಬಾರದು, ಕಮ್ಮಿ ಹೇಳಿ ಕಟ್ಟುಬೀಳಲೂಬಾರದು. ಸಭ್ಯತೆ ಅಂತಲೇ ನಾನು ಅಂದುಕೊಂಡಿದ್ದೆ. ಆದರೆ ಮೂವತ್ತು ವರ್ಷ ಕ್ಯಾಲೆಂಡರ್ ನೋಡಿಕೊಂಡು ಬದುಕಿದ ಚಿಕ್ಕಮ್ಮ ಒಂದೆರಡು ಅಂದರೆ ಒಂದು ಅಥವಾ ಎರಡು ಅಂತಲೇ ತಿಳಿದರು. ಮೂರನೆಯ ರಾತ್ರಿಯಿಂದ ಅವರ ಲೆಕ್ಕ ತಪ್ಪಿತು. ಅಲ್ಲಿಂದ ದಿನಾ ರಾತ್ರಿ ಒಂದೇ ಪ್ರಶ್ನೆ: "ನಾಳೆ ಇರ್ತೀಯಾ?"

ನಾನು ಕೇಳಿಸಿಕೊಂಡದ್ದು "ನಾಳೆ ಇರ್ತೀಯಲ್ಲಾ?" ಅಂತ. ಒಂದು ಅಕ್ಷರ ನಾನೇ ಸೇರಿಸಿಕೊಂಡೆ. "ಇರ್ತೀಯಲ್ಲಾ" ಅಂದರೆ ಇರು ಅನ್ನುವ ಕರೆ. "ಇರ್ತೀಯಾ" ಅಂದರೆ ಬರೀ ಪ್ರಶ್ನೆ, ಅದಕ್ಕೆ ಉತ್ತರ ಬೇಕು. ನಾನು ಪ್ರತಿ ಸಲವೂ ಅಕ್ಕರೆಯಿಂದ ನಕ್ಕು "ಹೂಂ ಚಿಕ್ಕಮ್ಮ, ಇರ್ತೀನಿ" ಅಂದೆ. ಹಗಲು ಬಾರ್ಕೋಲಾದ ಸಮುದ್ರದಂಡೆಯಲ್ಲಿ ಬಿಸಿಲು ಕಾಯುವವರ ಸಾಲು ದಾಟಿ ಮಿರಾಮಾರೆ ಕೋಟೆಯವರೆಗೆ ನಡೆದು ಬರುತ್ತಿದ್ದೆ. ಸಂಜೆ ಬಂದರೆ ಒಗೆದು ಮಡಚಿಟ್ಟ ಬಟ್ಟೆ. ಒಂದೆರಡು ಆರಾಯಿತು.

ಆರನೇ ರಾತ್ರಿ, ಎರಡು ಗಂಟೆ ಇರಬಹುದು, ನೀರು ಕುಡಿಯಲು ಎದ್ದೆ. ಅಡುಗೆಮನೆಯಲ್ಲಿ ದೀಪ. ಆ ಹುಡುಗಿ ಒಲೆಯ ಪಕ್ಕದ ಪುಟ್ಟ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಯಾಕೆ ಇಷ್ಟು ಹೊತ್ತು ಅಂದೆ. ಬುಧವಾರದಿಂದ ಮತುರಿತಾ ಅಂದಳು. ಅಂದರೆ ಶಾಲೆ ಮುಗಿಸುವ ಕೊನೆಯ ಪರೀಕ್ಷೆ, ಇಟಲಿಯ ಮಕ್ಕಳು ವರ್ಷವಿಡೀ ಹೆದರುವುದು ಅದಕ್ಕೇ. ಆರು ದಿನದಿಂದ ಅವಳ ಮೇಜು, ಅವಳ ದೀಪ, ಅವಳ ಬಾಗಿಲು ನನ್ನ ಹತ್ತಿರ ಇದ್ದವು. "ಅಮ್ಮನಿಗೆ ಹೇಳಬಾರದಿತ್ತಾ?" ಅಂದೆ. "ನೀನು ಎರಡು ದಿನ ಅಂದಿದ್ದೆಯಂತಲ್ಲ, ದಿನಾ ನಾಳೆ ನಾಳೆ ಅಂತ ಆಯ್ತು" ಅಂದಳು, ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಐದೂವರೆಗೆ ಹಾಸಿಗೆ ಸರಿಮಾಡಿ, ಚೀಟಿ ಬರೆದಿಟ್ಟು, ವೆನಿಸ್ ಕಡೆಯ ರೈಲು ಹತ್ತಿಬಿಟ್ಟೆ. ಮೊದಲ ತಪ್ಪನ್ನು ತಿದ್ದಲು ಹೋಗಿ ಮಾಡಿದ ಎರಡನೇ ತಪ್ಪು ಅದು. ಆರು ದಿನ "ಇರ್ತೀಯಾ"ವನ್ನು ಕರೆ ಅಂದುಕೊಂಡಿದ್ದೆ. ಆ ರಾತ್ರಿ ಅದನ್ನೇ "ಹೋಗು" ಅಂತ ಓದಿಕೊಂಡೆ. ಅದು ಎರಡೂ ಆಗಿರಲಿಲ್ಲ.

ಅವತ್ತು ಭಾನುವಾರ. ಚಿಕ್ಕಮ್ಮ ಆ ಮಧ್ಯಾಹ್ನವನ್ನು ನನಗೋಸ್ಕರ ಇಟ್ಟುಕೊಂಡಿದ್ದರು. ನನ್ನ ಅಜ್ಜಿ ತನ್ನ ತಂಗಿಗೆ ಬರೆದ ಕಾಗದಗಳು ಚಿಕ್ಕಮ್ಮನ ಹತ್ತಿರ ಇವೆ, ಒಂದು ಶೂ ಡಬ್ಬಿ ತುಂಬ. ಅವರ ತಾಯಿ ತೀರಿಕೊಂಡ ಮೇಲೆ ತಂದಿಟ್ಟುಕೊಂಡವು. ಅವುಗಳಲ್ಲಿ ಬರುವ ಅರ್ಧ ಹೆಸರುಗಳು ಯಾರವೆಂದು ಅವರಿಗೆ ಗೊತ್ತಿಲ್ಲ. ನನ್ನ ಜೊತೆ ಕೂತು ಓದಬೇಕು ಅಂತಿದ್ದರು. "ನಾಳೆ ಇರ್ತೀಯಾ" ಅಂತ ದಿನಾ ಕೇಳಿದ್ದು ಮಗಳ ಪರೀಕ್ಷೆಗೂ ಹೌದು, ಇದಕ್ಕೂ ಹೌದು. ನನಗೆ ಒಂದು ತಾರೀಖು ಹೇಳುವ ಧೈರ್ಯ ಇದ್ದಿದ್ದರೆ ಕಾಗದದ ಡಬ್ಬಿ ನಾನು ಬಂದ ಮರುದಿನ ಮಂಗಳವಾರವೇ ತೆರೆಯುತ್ತಿತ್ತು, ಹುಡುಗಿ ಅದರ ಮರುದಿನವೇ ತನ್ನ ಕೋಣೆಗೆ ಮರಳುತ್ತಿದ್ದಳು. ಇದನ್ನೆಲ್ಲ ಚಿಕ್ಕಮ್ಮ ನನಗೆ ಹೇಳಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದರು. ಅಮ್ಮ ನನಗೆ ಹೇಳಿದ್ದು ಒಂದೇ ಮಾತು, "ಕಳ್ಳನ ಹಾಗೆ ಎದ್ದುಬಂದೆಯಂತಲ್ಲೋ." ಆಮೇಲೆ ಎರಡು ವರ್ಷ ಯಾರೂ ಯಾರೊಂದಿಗೂ ಮಾತಾಡಲಿಲ್ಲ.

ಈಗ ನಿಮ್ಮ ಪ್ರಶ್ನೆ. "ಹೊರೆಯಾಗದೆ ಇರುವುದು ಹೇಗೆ?" ಆಗುವುದಿಲ್ಲ, ಬಿಟ್ಟುಬಿಡಿ. ನೀವು ಹೊರೆಯೇ, ನಿಮ್ಮ ಬೆನ್ನಿನ ಬ್ಯಾಗಿನಷ್ಟೇ ಖಚಿತವಾದ ಹೊರೆ. ಬ್ಯಾಗಿನ ತೂಕ ಗೊತ್ತಿದ್ದರೆ ಹೊರುವವರು ಹೊರುತ್ತಾರೆ. ಎಷ್ಟು ದೂರ ಅಂತ ಹೇಳಿಬಿಡಿ, ಅಷ್ಟೇ. ಬರುವ ತಾರೀಖು ಹೇಳುವ ಮೊದಲೇ ಹೊರಡುವ ಬಸ್ಸಿನ ಟಿಕೆಟ್ ತೆಗೆದು, ಅದರ ಫೋಟೋ ಕಳಿಸಿ. ಅವರು ನಿಜಕ್ಕೂ ಇನ್ನಷ್ಟು ದಿನ ಇರಿಸಿಕೊಳ್ಳಬೇಕು ಅಂದುಕೊಂಡರೆ "ಟಿಕೆಟ್ ಕ್ಯಾನ್ಸಲ್ ಮಾಡು" ಅನ್ನುತ್ತಾರೆ. ಆ ಮಾತಿಗೆ ಎರಡು ಅರ್ಥ ಇಲ್ಲ.

ಮನೆಯೋ ಹಾಸ್ಟೆಲೋ? ನನ್ನ ಮಟ್ಟಿಗೆ ಎರಡು ರಾತ್ರಿ ಮನೆ. ಊರು ಇನ್ನೂ ನೋಡುವುದಿದ್ದರೆ ಅದೇ ಊರಿನ ಹಾಸ್ಟೆಲಿಗೆ ಹೋಗಿ, ಸಂಜೆ ಮಾತಾಡಿಸಿಕೊಂಡು ಬನ್ನಿ. ಹಾಸ್ಟೆಲಿನ ದುಡ್ಡು ಉಳಿಯುತ್ತದೆ ಅಂತ ನೀವು ಬರೆದದ್ದು ಕಣ್ಣಿಗೆ ಬಿತ್ತು. ದುಡ್ಡು ಉಳಿಸಲು ಹೋಗುವುದಾದರೆ ದಯವಿಟ್ಟು ಹೋಗಬೇಡಿ.

ವೀಸಾಕ್ಕೆ ಅವರಿಂದಲೇ ಆಹ್ವಾನಪತ್ರ ತರಿಸುವ ಯೋಚನೆಯೂ ಬೇಡ. ಜರ್ಮನಿಯಲ್ಲಿರುವ ನೆಂಟರು ಫೆರ್‌ಫ್ಲಿಷ್ಟುಂಗ್ಸ್‌ಎರ್ಕ್ಲೇರುಂಗ್ ಅನ್ನುವ ಹೊಣೆಪತ್ರಕ್ಕೆ ಸಹಿ ಹಾಕಿದರೆ, ನಿಮ್ಮ ಖರ್ಚು, ಕಾಯಿಲೆಯ ಬಿಲ್ಲು, ವಾಪಸು ಕಳಿಸುವ ವೆಚ್ಚ ಎಲ್ಲಕ್ಕೂ ಕಾನೂನಿನ ಪ್ರಕಾರ ಅವರೇ ಬಾಧ್ಯರು. ಮುಖವನ್ನೇ ನೋಡದವರಿಂದ ಕೇಳುವ ಸಹಿಯಲ್ಲ ಅದು. ಹಾಸ್ಟೆಲ್ ಬುಕಿಂಗ್, ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ ಪ್ರವಾಸಿ ವೀಸಾ ಮಾಡಿಸಿಕೊಳ್ಳಿ. ಮನೆಯಲ್ಲಿ ಉಳಿಯುವ ಎರಡು ರಾತ್ರಿಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ, ಅಷ್ಟೇ. ಆ ದೇಶದಲ್ಲಿ ಅತಿಥಿಯ ನೋಂದಣಿ ಬೇಕಾ ಅಂತ ನೀವೇ ಮೊದಲು ವಿಚಾರಿಸಿ, ಪೊಲೀಸ್ ಠಾಣೆಗೆ ಜೊತೆಯಲ್ಲೇ ಹೋಗಿ. ಮಲಗಿರಬೇಡಿ.

ಅಮ್ಮನ ಮೂಲಕ ಮಾತಾಡಬೇಡಿ. ಮಧ್ಯೆ ಅಮ್ಮ ಇದ್ದರೆ ಆ ಕಡೆಯವರಿಗೆ "ಆ ವಾರ ಆಗಲ್ಲ" ಅನ್ನಲು ಬಾಯಿ ಬರುವುದಿಲ್ಲ. ಮಕ್ಕಳಿದ್ದರೆ ಪರೀಕ್ಷೆ ಯಾವಾಗ ಅಂತ ನೇರವಾಗಿ ಕೇಳಿ. ಇದು ಅಧಿಕಪ್ರಸಂಗ ಅಲ್ಲ.

ಉಡುಗೊರೆ ಅಂತ ಏಳು ತಿಂಗಳು ಏನನ್ನೂ ಹೊತ್ತು ತಿರುಗಬೇಡಿ. ಹೊರಡುವ ಮುನ್ನ ಮನೆಯ ಹಿರಿಯರ ಹತ್ತಿರ ಒಂದು ಸಂಜೆ ಕೂತು ಹಳೆಯ ಫೋಟೋಗಳನ್ನು ಫೋನಿಗೆ ಇಳಿಸಿಕೊಳ್ಳಿ, ಒಂದೊಂದರಲ್ಲೂ ಯಾರು ಯಾರು ಅಂತ ಬರೆದುಕೊಳ್ಳಿ. ಚಿಕ್ಕಮ್ಮ ಮೊದಲ ರಾತ್ರಿಯೇ ಹತ್ತು ಜನರ ಹೆಸರು ಹಿಡಿದು ಕೇಳಿದ್ದರು. ನನಗೆ ಮೂವರು ಗೊತ್ತಿದ್ದರು, ಅವರಲ್ಲಿ ಇಬ್ಬರು ಬದುಕಿರಲಿಲ್ಲ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ: ತಿಗಣೆ. ಹಾಸ್ಟೆಲಿಂದ ಹಾಸ್ಟೆಲಿಗೆ ತಿರುಗುವ ಬ್ಯಾಗು ಅದನ್ನು ಹೊತ್ತು ತರಬಹುದು. ಬ್ಯಾಗನ್ನು ಹಾಸಿಗೆಯ ಮೇಲೆ ಇಡಲೇಬೇಡಿ, ಬಚ್ಚಲಲ್ಲಿ ಬಿಚ್ಚಿ, ಬಿಸಿ ತಡೆಯುವ ಬಟ್ಟೆಯನ್ನೆಲ್ಲ 60 ಡಿಗ್ರಿಯಲ್ಲಿ ಒಗೆಯಿರಿ. ಮೈಮೇಲೆ ಸಾಲಾಗಿ ಕಚ್ಚಿದ ಗುರುತಿದ್ದರೆ ಬಾಗಿಲಲ್ಲೇ ಹೇಳಿಬಿಡಿ. ಮರ್ಯಾದೆ ಒಂದು ನಿಮಿಷ ಹೋಗುತ್ತದೆ, ಅವರ ಮಂಚ ಉಳಿಯುತ್ತದೆ.

ಹೋದ ವರ್ಷ ನಾನೇ ಚಿಕ್ಕಮ್ಮನಿಗೆ ಬರೆದೆ. ಕ್ಷಮೆ ಕೇಳುವ ಉದ್ದನೆಯ ಕಾಗದ ಮೂರು ಸಲ ಬರೆದು ಹರಿದು, ಕೊನೆಗೆ ಬರುವ ತಾರೀಖು, ಹೊರಡುವ ತಾರೀಖು, ಉಳಿಯುವ ಹಾಸ್ಟೆಲಿನ ಹೆಸರು ಇಷ್ಟೇ ಕಳಿಸಿದೆ. ನಾಲ್ಕು ದಿನ ಉತ್ತರ ಇರಲಿಲ್ಲ. ಆಮೇಲೆ ಒಂದು ಕಾಗದದ ಫೋಟೋ ಬಂತು, ಅಜ್ಜಿಯ ದುಂಡು ಅಕ್ಷರ, ಮೂರನೇ ಸಾಲಿನಲ್ಲಿ ಒಂದು ಹೆಸರಿನ ಕೆಳಗೆ ಕೆಂಪು ಗೆರೆ. ಅಡಿಯಲ್ಲಿ ಚಿಕ್ಕಮ್ಮ ಬರೆದಿದ್ದರು: "ಇವರು ಯಾರು ಅಂತ ನಿನ್ನ ಅಮ್ಮನ್ನ ಕೇಳ್ಕೊಂಡು ಬಾ. ಹಾಸ್ಟೆಲ್ ಯಾಕೆ, ಅವಳು ಈಗ ಓದೋಕೆ ಬೇರೆ ಊರಲ್ಲಿದ್ದಾಳೆ, ಕೋಣೆ ಖಾಲಿ ಇದೆ."

ಹಾಸ್ಟೆಲ್ ಬುಕಿಂಗ್ ನಾನು ಕ್ಯಾನ್ಸಲ್ ಮಾಡಿಲ್ಲ.