ಗೋಡೆಗೂ ದಪ್ಪ ಇರುತ್ತದೆ

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ನಮ್ಮ ಯಜಮಾನರು ಬಡಗಿ ಕೆಲಸದವರು. ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಅಪ್ಪನ ಶೆಡ್ಡಿಗೆ ಹೋಗುತ್ತಾಳೆ. ಹೋದ ತಿಂಗಳು ಟೇಪು ಹಿಡಿದು ಇಡೀ ಮನೆ ಅಳೆದು ಗ್ರಾಫ್ ಹಾಳೆಯಲ್ಲಿ ಪ್ಲಾನ್ ಬರೆದಿದ್ದಾಳೆ, ಈ ಪತ್ರದ ಜೊತೆ ಅದರ ಜೆರಾಕ್ಸ್ ಇಟ್ಟಿದ್ದೇನೆ. ಅವಳ ಶಾಲೆಯಲ್ಲಿ ಇದಕ್ಕೆ ಪಾಠವೇ ಇಲ್ಲ. ಇದರಿಂದ ಮಾರ್ಕ್ಸ್ ಬರುತ್ತಾ ಅಂತ ನೆಂಟರು ಕೇಳುತ್ತಾರೆ. ಮಗಳು ಉಳಿ ಮುಟ್ಟಿದರೆ ಯಜಮಾನರಿಗೆ ಸಿಟ್ಟು, ‘ಈ ಕಷ್ಟ ನನಗೇ ಕೊನೆಯಾಗಲಿ’ ಅನ್ನುತ್ತಾರೆ. ಮುಂದೆ ಏನು ಓದಿಸಬೇಕು?
– ಹೆಸರು ಬೇಡ, ಪಾಂಡವಪುರ

ಉತ್ತರ: ತಾಯಿ, ಮೊದಲು ಆ ಪ್ಲಾನಿನ ಮಾತು. ಮೈಸೂರಿನ ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಪಾಠ ಮಾಡಿದವನು ನಾನು. ನಿಮ್ಮ ಮಗಳ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಒಂದು ಸಂಜೆ ಪೂರ್ತಿ ನೋಡಿದೆ. ಅಡುಗೆಮನೆ ಮೂಲೆಯ ಒರಳುಕಲ್ಲನ್ನೂ ಬಿಟ್ಟಿಲ್ಲ. ಕೋಣೆಯ ಬಾಗಿಲು ತೆರೆದುಕೊಳ್ಳುವ ದಿಕ್ಕಿಗೆ ಕಾಲುವೃತ್ತ ಎಳೆದು, ಅದು ಮಂಚದ ಕಾಲಿಗೆ ತಾಗುವ ಜಾಗದಲ್ಲಿ ಒಂದು ಚುಕ್ಕಿ ಇಟ್ಟಿದ್ದಾಳೆ. ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಮನೆಯಲ್ಲಿ ಆ ಬಾಗಿಲು ದಿನಾ ಮಂಚಕ್ಕೆ ಬಡಿಯುವುದನ್ನು ಕಂಡವಳು ಬರೆದ ಚುಕ್ಕಿ ಅದು. ಡಿಪ್ಲೊಮಾ ಮೊದಲ ವರ್ಷದವರಿಗೆ ಈ ನೋಟ ಬರಿಸಲು ನನಗೆ ಆರು ತಿಂಗಳು ಹಿಡಿಯುತ್ತಿತ್ತು.

ತಪ್ಪಿರುವುದು ಒಂದೇ. ಗೋಡೆಗೆ ಒಂಟಿ ಗೆರೆ ಎಳೆದಿದ್ದಾಳೆ. ಪ್ಲಾನ್ ಅಂದರೆ ಮನೆಯನ್ನು ಕಿಟಕಿಯ ಮಟ್ಟದಲ್ಲಿ ಅಡ್ಡಲಾಗಿ ಕೊಯ್ದು, ಮೇಲಿನ ಭಾಗ ಎತ್ತಿಟ್ಟು ನೋಡಿದ ನೋಟ. ಕೊಯ್ದಲ್ಲಿ ಗೋಡೆಯ ದಪ್ಪ ಕಾಣಲೇಬೇಕು. ಒಳಗೆ ಹತ್ತಡಿ ಇರುವ ಕೋಣೆಗೆ ಎರಡೂ ಕಡೆ ಒಂಬತ್ತು ಇಂಚಿನ ಗೋಡೆ ಸೇರಿದರೆ ಹೊರಗೆ ಹನ್ನೊಂದೂವರೆ ಅಡಿ. ನೀವು ಕಳಿಸಿದ ಹಾಳೆಯಲ್ಲಿ ಕೋಣೆಗಳ ಅಳತೆ ಕೂಡಿದರೆ ಮನೆಯ ಉದ್ದಕ್ಕೆ ತಾಳೆಯಾಗುವುದಿಲ್ಲ, ಪಕ್ಕದಲ್ಲಿ ಅವಳು ಪ್ರಶ್ನೆಚಿಹ್ನೆ ಹಾಕಿದ್ದಾಳೆ. ಕಳೆದುಹೋದದ್ದು ಗೋಡೆಗಳು.

ನಾನೂ ಬಡಗಿಯ ಮಗನೇ. ಡಿಪ್ಲೊಮಾ ಓದುವಾಗ ಹದಿನೆಂಟು ಇಂಚು ಎತ್ತರದ ಸ್ಟೂಲಿನ ನಕ್ಷೆ ಬರೆದು ಅಪ್ಪನ ಕೈಗಿಟ್ಟೆ. ಅಪ್ಪ ಏನೂ ತಿದ್ದಲಿಲ್ಲ, ಬರೆದ ಹಾಗೇ ಮಾಡಿಕೊಟ್ಟರು. ಅಳೆದರೆ ಹತ್ತೊಂಬತ್ತು ಇಂಚು. ಕಾಲಿಗೇ ಹದಿನೆಂಟು ಇಂಚು ಕೊಟ್ಟಿದ್ದೆ, ಮೇಲಿನ ಹಲಗೆಯ ಒಂದು ಇಂಚನ್ನು ಕಳೆದಿರಲಿಲ್ಲ. ‘ಹಲಗೆ ಎಲ್ ಕೂರ್‍ತದೆ ಅಂತ ಯೋಚ್ನೆ ಮಾಡ್ದ ಮಗ?’ ಅಂದರು, ಅಷ್ಟೇ. ಆ ಸ್ಟೂಲು ಇವತ್ತಿಗೂ ನನ್ನ ಡ್ರಾಯಿಂಗ್ ಮೇಜಿನ ಪಕ್ಕದಲ್ಲಿದೆ.

ಆದ್ದರಿಂದ ನಿಮ್ಮ ಯಜಮಾನರಲ್ಲಿ ನನ್ನ ಕೋರಿಕೆ: ಸ್ವಾಮೀ, ಮಗಳು ಶೆಡ್ಡಿಗೆ ಬಂದರೆ ಕಳಿಸಿಬಿಡಬೇಡಿ. ನಿಮ್ಮ ಕಸುಬನ್ನೇ ಹಿಡಿಯಲಿ ಅಂತ ನಾನು ಹೇಳುತ್ತಿಲ್ಲ. ನಾಲ್ಕಡಿ ಹಲಗೆಯನ್ನು ನಾಲ್ಕು ತುಂಡು ಮಾಡಿದರೆ ಒಂದೊಂದು ಅಡಿ ಯಾಕೆ ಸಿಗುವುದಿಲ್ಲ ಎನ್ನುವುದು ಅವಳಿಗೆ ಕೈಯಿಂದಲೇ ಗೊತ್ತಾಗಬೇಕು. ಗರಗಸದ ಹಲ್ಲು ಪ್ರತಿ ಕೊಯ್ತಕ್ಕೂ ಒಂದಿಷ್ಟು ತಿನ್ನುತ್ತದೆ. ಕೀಸುಳಿ ಹೊಡೆದಮೇಲೆ ಒಂದು ಇಂಚಿನ ಹಲಗೆ ಒಂದು ಇಂಚು ಉಳಿಯುವುದಿಲ್ಲ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದು ಅಗಲಕ್ಕೆ ಉಬ್ಬಿ, ಉದ್ದಕ್ಕಲ್ಲ. ಹಲಗೆಗಳನ್ನು ಜೋಡಿಸುವಾಗ ಮರದ ಎಳೆ ನೋಡುವುದು ಯಾಕೆ ಎಂದು ನಿಮಗಿಂತ ಚೆನ್ನಾಗಿ ಅವಳಿಗೆ ಯಾವ ಮೇಷ್ಟ್ರೂ ಹೇಳಲಾರರು.

ಶಾಲೆಯ ವಿಷಯ ನೆನೆದರೆ ನನಗೆ ಸಂಕಟ. ಪ್ರೌಢಶಿಕ್ಷಣ ಕುರಿತ 1952–53ರ ಮೊದಲಿಯಾರ್ ಆಯೋಗ ಹೈಸ್ಕೂಲುಗಳಲ್ಲಿ ತಾಂತ್ರಿಕ ವಿಷಯಗಳೂ ಇರಲಿ, ಅಂಥ ಬೇರೆಬೇರೆ ವಿಷಯ ಕಲಿಸುವ ಬಹೂದ್ದೇಶ (ಮಲ್ಟಿಪರ್ಪಸ್) ಶಾಲೆಗಳು ಬರಲಿ ಎಂದು ಹೇಳಿತ್ತು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಶಾಲೆಯ ಹೆಸರಿನಲ್ಲಿ ‘ಮಲ್ಟಿಪರ್ಪಸ್’ ಎಂಬ ಪದ ಈಗಲೂ ಉಳಿದಿದೆ. ನಾನು ಓದಿದ ಹೈಸ್ಕೂಲಿನಲ್ಲೂ (ಹೆಸರು ಬೇಡ) ಮರಗೆಲಸದ ಕೋಣೆ ಇತ್ತು, ಆರು ಬೆಂಚು, ಗೋಡೆಯಲ್ಲಿ ಸಾಲಾಗಿ ತೂಗುಹಾಕಿದ ಗರಗಸ. ಆಮೇಲೊಮ್ಮೆ ಹೋದಾಗ ಅದಕ್ಕೆ ಬೀಗ. ಕಿಟಕಿಯಿಂದ ನೋಡಿದರೆ ಮರ ಬಿಗಿಹಿಡಿಯುವ ವೈಸುಗಳ ಮೇಲೆ ಮುರಿದ ಡೆಸ್ಕು ಪೇರಿಸಿದ್ದರು.

ಜೂನಿಯರ್ ಟೆಕ್ನಿಕಲ್ ಸ್ಕೂಲುಗಳಲ್ಲಿ ಎಸ್ಸೆಸ್ಸೆಲ್ಸಿಗೇ ಎಂಜಿನಿಯರಿಂಗ್ ಗ್ರಾಫಿಕ್ಸ್ ಒಂದು ಪೇಪರ್. ಅವು ಇರುವುದು ಕೆಲವೇ ಕಡೆ, ಎಂಟನೇ ತರಗತಿಗೇ ಸೇರಬೇಕು. ನಿಮ್ಮ ಮಗಳಿಗೆ ಆ ಹೊತ್ತು ದಾಟಿದೆ. ಹತ್ತಾದಮೇಲೆ ಮೂರು ದಾರಿ. ಐಟಿಐಯಲ್ಲಿ ಕಟ್ಟಡದ ನಕ್ಷೆ ಬರೆಯಲು ಕಲಿಸುವ ಡ್ರಾಫ್ಟ್ಸ್‌ಮನ್ ಸಿವಿಲ್, ಎರಡು ವರ್ಷ. ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಅಥವಾ ಆರ್ಕಿಟೆಕ್ಚರ್ ಡಿಪ್ಲೊಮಾ, ಮೂರು ವರ್ಷ. ಇಲ್ಲವೇ ಗಣಿತ, ಭೌತಶಾಸ್ತ್ರ ಇರುವ ಪಿಯುಸಿ ಮಾಡಿ, ಆರ್ಕಿಟೆಕ್ಚರ್ ಪದವಿಯ ಪ್ರವೇಶಕ್ಕಿರುವ ನಾಟಾ ಪರೀಕ್ಷೆ ಬರೆದು ಐದು ವರ್ಷದ ಬಿ.ಆರ್ಕ್. ಡಿಪ್ಲೊಮಾ ಮಾಡಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಬಿ.ಆರ್ಕ್‌ನಲ್ಲಿ ಆ ಅನುಕೂಲವಿಲ್ಲ: ಗಣಿತ ಇದ್ದ ಡಿಪ್ಲೊಮಾದವರೂ ನಾಟಾ ಬರೆಯಬಹುದು, ಆದರೆ ಮೊದಲ ವರ್ಷದಿಂದಲೇ ಓದಬೇಕು. ಇದನ್ನು ತಿಳಿಯದೆ ಬೇಸರಪಟ್ಟುಕೊಂಡವರನ್ನು ನೋಡಿದ್ದೇನೆ. ನನ್ನನ್ನು ಕೇಳಿದರೆ, ಇವಳಿಗೆ ಡಿಪ್ಲೊಮಾ. ಹದಿನಾರಕ್ಕೇ ಡ್ರಾಯಿಂಗ್ ಬೋರ್ಡು, ನೇರ ಗೆರೆ ಎಳೆಯುವ ಟಿ-ಸ್ಕ್ವೇರ್ ಕೈಗೆ ಬರುತ್ತವೆ, ಮುಂದಿನ ಬಾಗಿಲುಗಳೂ ತೆರೆದಿರುತ್ತವೆ. ಯಾವ ದಾರಿಯಾದರೂ ಗಣಿತ ಬಿಡಿಸಬೇಡಿ.

ಅಲ್ಲಿಯವರೆಗೆ ಒಂದು ಭಾನುವಾರ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಕರೆದುಕೊಂಡು ಹೋಗಿ. 1784ರಲ್ಲಿ ಕಟ್ಟಿದ್ದು, ಹೆಚ್ಚಿನ ಕೆಲಸ ಮರದ್ದೇ. ಎಲ್ಲರೂ ಗೋಡೆಯ ಚಿತ್ರ ನೋಡಿ ಬರುತ್ತಾರೆ. ಇವಳು ಜಗಲಿಯಲ್ಲಿ ಕೂತು ಒಂದು ಕಂಬ, ಅದರ ಮೇಲಿನ ಕಮಾನು, ತೊಲೆ ಇಷ್ಟನ್ನೇ ಕಣ್ಣಳತೆಯಲ್ಲಿ ಬರೆಯಲಿ. ಅಪ್ಪನೂ ಜೊತೆಗಿರಲಿ, ಯಾವ ಮರ ಯಾವುದರ ಮೇಲೆ ಕೂತಿದೆ ಎಂದು ಹೇಳಿಕೊಡಲು.

ಮನೆಯ ಪ್ಲಾನನ್ನು 1:50ಕ್ಕೆ, ಅಂದರೆ ನಿಜ ಅಳತೆಯ ಐವತ್ತನೇ ಒಂದು ಭಾಗಕ್ಕೆ ಮತ್ತೆ ಬರೆಯಲಿ. ಹತ್ತಡಿ ಅಂದರೆ 3048 ಮಿಲಿಮೀಟರ್, ಹಾಳೆಯ ಮೇಲೆ ಸುಮಾರು 61. ಗೋಡೆಗೆ ಎರಡು ಗೆರೆ. ಬರೆದದ್ದನ್ನು ನನಗೆ ಕಳಿಸಿ, ತಿದ್ದಿ ವಾಪಸು ಕಳಿಸುತ್ತೇನೆ. ಒರಳುಕಲ್ಲನ್ನು ಮಾತ್ರ ಬಿಡದಿರಲಿ.

ಪ್ರಶ್ನೆ: ಕಂಪ್ಯೂಟರಿನಲ್ಲಿ ನಕ್ಷೆ ಬರೆಯಲು ಆಟೋಕ್ಯಾಡ್ ಇರುವಾಗ ಪೆನ್ಸಿಲ್ಲಿನಲ್ಲಿ ಕಲಿಯುವುದು ಯಾಕೆ ಸಾರ್?
– ಹತ್ತನೇ ತರಗತಿ ವಿದ್ಯಾರ್ಥಿ, ಕುವೆಂಪುನಗರ, ಮೈಸೂರು

ಉತ್ತರ: ಆಟೋಕ್ಯಾಡ್ ಖಂಡಿತ ಕಲಿಯಪ್ಪ, ಕೆಲಸ ಸಿಗುವುದು ಅದರಿಂದಲೇ. ಆದರೆ ಅದರಲ್ಲಿ ಎಲ್ಲವನ್ನೂ ನಿಜವಾದ ಅಳತೆಯಲ್ಲೇ ಬರೆಯುತ್ತೀಯ, ಸ್ಕೇಲ್ ಬರುವುದು ಮುದ್ರಿಸುವಾಗ. ಮೌಸಿನ ಚಕ್ರ ತಿರುಗಿಸಿದರೆ ಮೆಟ್ಟಿಲು ಕಂಪ್ಯೂಟರಿನ ಪರದೆಯಷ್ಟಾಗುತ್ತದೆ, ಇರುವೆಯಷ್ಟೂ ಆಗುತ್ತದೆ. ದೊಡ್ಡದು ಚಿಕ್ಕದು ಅನ್ನುವ ಅಂದಾಜು ಕಣ್ಣಿಗೆ ಮೊದಲೇ ಇರದಿದ್ದರೆ ತಪ್ಪು ಕಾಣುವುದಿಲ್ಲ. ಇವತ್ತೇ ನಿಮ್ಮ ಮನೆಯ ಮೆಟ್ಟಿಲಿನ ಎತ್ತರ, ಕಾಲಿಡುವ ಅಗಲ ಎರಡನ್ನೂ ಅಳೆ. ಆಮೇಲೆ ಹತ್ತಲು ತ್ರಾಸಾಗುವ ಬೇರೊಂದು ಮೆಟ್ಟಿಲು ಹುಡುಕಿ ಅದನ್ನೂ ಅಳೆ. ಎರಡನ್ನೂ ಒಂದೇ ಹಾಳೆಯಲ್ಲಿ, 1:10ಕ್ಕೆ, ಅಕ್ಕಪಕ್ಕ ಬರೆದು ನೋಡು.